ಹಕಾರವಿಲ್ಲದ ಗ್ರಹದವನು

ಮಂಡ್ಯದ ರೈಲ್ವೆ ಗೇಟಿನಾಚೆ, ಸೈಕಲ್ ಶಾಪಿಗೆ ಅಂಟಿಕೊಂಡು
ಚಿಕ್ಕಲಿಂಗಯ್ಯನ ಬಾಡಿಗೆ ಪುಸ್ತಕದ ಅಂಗಡಿ.
ದಿನಕ್ಕೆ ನಾಲ್ಕಾಣೆ. ಹಾಳೆ ಹರಿದರೆ ಎಂಟಾಣೆ ದಂಡ.
ಕಬ್ಬಿನ ರಸದ ಕಲೆಗೆ ಮಾತ್ರ ಮಾಫಿ,
ಅದಿಲ್ಲದ ಪುಸ್ತಕ ಈ ಊರಲ್ಲಿ ಎಲ್ಲಿತ್ತು?

ಅಲ್ಲೇ ನಮಗೆ ಸಿಕ್ಕಿದ್ದು ತ್ರೀಣ.
ಏಳನೇ ಕಂತು, ಮೂವತ್ತೊಂದನೇ ಪುಟ.
ನೌಕೆಯ ಏಣಿ ಇಳಿದು, ಮೂರು ಮೊಣಕಾಲು ಮಡಚಿ ನಿಂತು
ಮನುಷ್ಯರ ಜೊತೆ ಆಡಿದ ಮೊದಲ ಮಾತು:
"ಎದರಬೇಡಿ."

ಅವನ ಗ್ರಹದಲ್ಲಿ ಗಾಳಿಯಿಲ್ಲ.
ಗಾಳಿಯಿಲ್ಲದೆ ಉಸಿರಿಲ್ಲ,
ಉಸಿರಿಲ್ಲದೆ ಹಕಾರ ಹುಟ್ಟುವುದು ಎಲ್ಲಿಂದ?
ಬರೆದವರು ಯಾವೂರಿನವರೋ,
ತಮಾಷೆಗೆ ಬರೆದರೋ, ವಿಜ್ಞಾನವೆಂದೇ ಬರೆದರೋ,
ಫಯಾಜು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ
ನನ್ನ ಮುಖ ನೋಡಿದ:
"ಇವ ನಮ್ಮೋನು ಕಣಮ್ಮಿ!"

ಆ ವರ್ಷ ನಮಗೆ ಕನ್ನಡಕ್ಕೆ ಬರುತ್ತಿದ್ದವರು
ಮೈಸೂರಿನಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಇಳಿಯುವ ಮೇಷ್ಟ್ರು.
ಹಾಲು ಅನ್ನು. ಆಲು.
ಹಾವು ಅನ್ನು. ಆವು.
ಒಂದೊಂದಕ್ಕೂ ಅಡಿಪಟ್ಟಿ, ಗೆಣ್ಣಿನ ಮೇಲೆ.
ಹೆದರಿ ಹೆದರಿ ನಾನು ಒಂದಿನ
ಅವ್ವನನ್ನೇ ಹವ್ವಾ ಎಂದು ಕೂಗಿದ್ದೆ.
ಅವಳು ಒಲೆ ಊದುವುದು ನಿಲ್ಲಿಸಿ ತಿರುಗಿ ನೋಡಿದಳು,
ಜ್ವರ ಬಂದಿದೆಯೇನೋ ಎಂಬಂತೆ.

ತ್ರೀಣನಿಗೆ ಯಾರೂ ಹೊಡೆಯಲಿಲ್ಲ.
ನಕ್ಷತ್ರಗಳ ಸಭೆಯಲ್ಲಿ ಎದ್ದು ನಿಂತು
"ಇದು ಅನ್ಯಾಯ, ನಾನು ಒಪ್ಪುವುದಿಲ್ಲ, ಓಗಿ" ಎಂದ.
ಹನ್ನೆರಡು ಗ್ರಹದವರು ಎದ್ದು ಹೋದರು.
ಇಷ್ಟವಾಗಲು ಇನ್ನೇನು ಬೇಕು?

ಫಯಾಜನ ಅಕ್ಕ ಮೆಹರ್‌ಳಿಗೆ (ನಮ್ಮ ಬಾಯಲ್ಲಿ ಮೇರಕ್ಕ)
ಕ್ಯಾಪ್ಟನ್ ಅಸಿತಾ ಎಂದರೆ ಪ್ರಾಣ.
ಧೂಮಕೇತು ಸೀಳಿದ್ದಕ್ಕಲ್ಲ.
ಹದಿನಾಲ್ಕನೇ ಕಂತಿನಲ್ಲಿ, ನೌಕೆಯ ಅಡುಗೆಕೋಣೆಯಲ್ಲಿ
ಗಂಡಸರು ಕೈ ತೊಳೆದು ಬರುವ ಮೊದಲೇ
ಅವಳು ಬಡಿಸಿಕೊಂಡು ಉಂಡಳು,
ಯಾರೂ ಏನೂ ಅನ್ನಲಿಲ್ಲ.
ಆ ಪುಟ ಮೇರಕ್ಕನ ಬೆರಳಿಗೆ ಸವೆದು ಮೆತ್ತಗಾಗಿತ್ತು.

ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಚೀಟಿ ಹರಿದುಕೊಡುತ್ತಿದ್ದ ನಿಂಗರಾಜಣ್ಣನಿಗೆ
ತೊಂಬತ್ತಾರು ಎಂಬ ಯಂತ್ರಮಾನವ.
ಸುಳ್ಳು ಲೆಕ್ಕ ಹೇಳಿಸಲು ಹೋದರೆ
ಅದರ ಎದೆಯ ತಂತಿ ಸುಟ್ಟು ವಾಸನೆ ಬರುತ್ತಿತ್ತು.
ನಿಂಗರಾಜಣ್ಣ ಅದನ್ನೇ ಮತ್ತೆ ಮತ್ತೆ ಒಯ್ಯುತ್ತಿದ್ದ.
ಯಾಕೆ ಎಂದು ನಾವು ಕೇಳಲಿಲ್ಲ.

ಚಿಕ್ಕಲಿಂಗಯ್ಯ ಒಂದನ್ನೂ ಓದಿದವನಲ್ಲ.
ಪುಸ್ತಕ ವಾಪಸು ತರುವ ಜೀವಿ
ಯಾವ ಗ್ರಹದ್ದಾದರೂ ಅವನಿಗೆ ಇಷ್ಟ.

ಕೊನೆಯ ಕಂತಿನಲ್ಲಿ ತ್ರೀಣ ಹೊರಟು ನಿಂತ.
ಏಣಿಯ ಮೇಲೆ ಒಂದು ಕಾಲು,
ಜೀವಮಾನದಲ್ಲಿ ಮೊದಲ ಸಲ ಮುಖಗವಸು ತೆಗೆದು
ಭೂಮಿಯ ಗಾಳಿಯನ್ನು ಎದೆ ತುಂಬ ಎಳೆದುಕೊಂಡು
ಬಾಯಿ ತೆರೆದ.
ಮುಂದಿನ ಹಾಳೆ ಇರಲಿಲ್ಲ.
ಯಾರೋ ಬುಡದಿಂದಲೇ ಹರಿದಿದ್ದರು.

ಹೋದ ವರ್ಷ ಮಿಮ್ಸ್ ಆಸ್ಪತ್ರೆಯಲ್ಲಿ
ಫಯಾಜನ ಮೂಗು ಬಾಯಿಗೆ ಆಮ್ಲಜನಕದ ಕೊಳವೆ.
ನನ್ನನ್ನು ಕಂಡವನೇ ಮಾಸ್ಕು ಎತ್ತಿದ:
"ಎದ್ರುಬ್ಯಾಡ ಕಣಮ್ಮಿ."
ನರ್ಸು ಬೈದು ಮತ್ತೆ ಹಾಕಿದಳು.
ಆಮೇಲೆ, ಅವಳು ಅತ್ತ ಹೋದಾಗ:
"ಆ ಆಳೆ ಅರ್ದೋನು ನಾನೇಯ."

ಏನಿತ್ತೋ ಅದರಲ್ಲಿ?
"ಗ್ಯಾಪ್ಕ ಇಲ್ಲ. ಓದಾಕೆ ಎದರ್ಕೊಂಡು
ಮಡಚಿ ಚಡ್ಡಿ ಜೇಬಲ್ಲಿಟ್ಟಿದ್ದೆ.
ಅಮ್ಮಿ ನಾಲೆಗೆ ತಕೊಂಡೋಗಿ ಒಗೆದ್ಬುಟ್ಟಳು."

ಮಾಸ್ಕಿನೊಳಗೆ ಮಂಜು ಕಟ್ಟಿತು, ಕರಗಿತು, ಕಟ್ಟಿತು.
ವಿಶ್ವೇಶ್ವರಯ್ಯ ನಾಲೆಯ ಯಾವ ಗದ್ದೆಗೆ
ಆ ಮಾತು ಹರಿದುಹೋಯಿತೋ.
ನಾನು ಹೇಳಿದೆ:
ಹೋಗ್ತೀನಿ ಅಂತೂ ಅಂದಿರಲ್ಲ ಬಿಡು,
ನಮ್ಮ ಕಡೆ ಹೊಸಿಲು ದಾಟುವವರು ಯಾರು ಹಾಗಂತಾರೆ?
ಬತ್ತೀನಿ ಅಂದಿರ್ತಾನೆ.
ಅದಕ್ಕೆ ಹಕಾರ ಬೇಕಿಲ್ಲ.

ಅವನು ನಕ್ಕಿದ್ದಕ್ಕೆ ಯಂತ್ರ ಕೂಗಿಕೊಂಡಿತು.
ಶನಿವಾರ ಮನೆಗೆ ಬಿಟ್ಟರು.
ಎಂಟಾಣೆ ಇನ್ನೂ ಬಾಕಿ.